ಕೆಟ್ಟದ್ದೆಲ್ಲವೂ ಕಸವಲ್ಲ

ಒಂದು ಮನೆಯ ನಡೆವಳಿಕೆಯನ್ನು ತಿಳಿಯಬೇಕಾದರೆ ಅದರ ಪಡಸಾಲೆಯನ್ನು ನೋಡಿದರೆ ಸಾಲದು, ಅಟ್ಟವನ್ನೂ ನೋಡಬೇಕು. ಪಡಸಾಲೆಯಲ್ಲಿ ನಾವು ಕೊಂಡು ತಂದ ಹೊಸ ವಸ್ತುಗಳಿರುತ್ತವೆ. ಅಟ್ಟದಲ್ಲಿ ನಾವು ಕೈಬಿಟ್ಟ ವಸ್ತುಗಳಿರುತ್ತವೆ. ಐವತ್ತು ವರ್ಷಗಳ ಹಿಂದೆ ಅಟ್ಟವೆಂದರೆ ಬಿತ್ತನೆಯ ಬೀಜ, ಒಣಗಿಸಿದ ಮೆಣಸಿನಕಾಯಿ, ಜಾತ್ರೆ ಹಬ್ಬಗಳಲ್ಲಿ ಮಾತ್ರ ಕೆಳಗಿಳಿಯುವ ಹಂಡೆ ಕೊಪ್ಪರಿಗೆಗಳ ಸ್ಥಾನವಾಗಿತ್ತು. ಇಂದು ಅದೇ ಅಟ್ಟದಲ್ಲಿ ಮೂರು ತಲೆಮಾರಿನ ಮೊಬೈಲ್ ಫೋನುಗಳು, ತಂತಿ ಹರಿದ ಇಸ್ತ್ರಿ ಪೆಟ್ಟಿಗೆ, ಒಂದು ಗುಂಡಿ ಹೋದುದಕ್ಕಾಗಿ ನಿವೃತ್ತಿಗೊಂಡ ಮಿಕ್ಸಿ, ಮಕ್ಕಳು ಕಾಲೇಜಿಗೆ ಸೇರಿದಾಗ ಕೊಂಡ ಕಂಪ್ಯೂಟರು, ಚಿತ್ರ ಬಾರದ ದೂರದರ್ಶನ ಪೆಟ್ಟಿಗೆ ಇವೆಲ್ಲ ಧೂಳು ಹೊದ್ದು ಕುಳಿತಿವೆ. ಬೇಕೆಂದರೆ ಬಳಕೆಗೆ ಬಾರವು, ಬೇಡವೆಂದರೆ ಬಿಸಾಡಲು ಮನಸ್ಸು ಒಪ್ಪದು. ಈ ಇಬ್ಬಂದಿಯು ಇಂದು ಬಹುತೇಕ ಎಲ್ಲ ಕುಟುಂಬಗಳ ಅನುಭವವಾಗಿದೆ.

ಇಂತಹ ವಸ್ತುಗಳಿಗೆ ವಿದ್ಯುನ್ಮಾನ ತ್ಯಾಜ್ಯ, ಸಂಕ್ಷೇಪವಾಗಿ ಇ-ತ್ಯಾಜ್ಯವೆಂದು ಹೆಸರು. ವಿದ್ಯುತ್ತಿನಿಂದಲೋ ಬ್ಯಾಟರಿಯಿಂದಲೋ ನಡೆಯುವ ಯಾವುದೇ ಸಾಧನವು ತನ್ನ ಒಡೆಯನಿಗೆ ಬೇಡವಾದ ದಿನ ಈ ಹೆಸರಿಗೆ ಪಾತ್ರವಾಗುತ್ತದೆ. ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ವಸ್ತುವು ಕೆಟ್ಟಿತೆಂಬ ಕಾರಣದಿಂದಲೇ ಅದು ತ್ಯಾಜ್ಯವಾಗುವುದಿಲ್ಲ. ನಾವು ಅದನ್ನು ತ್ಯಜಿಸಿದಾಗ ತ್ಯಾಜ್ಯವಾಗುತ್ತದೆ. ಕೆಡುವುದು ವಸ್ತುವಿನ ಧರ್ಮ, ತ್ಯಜಿಸುವುದು ಮನುಷ್ಯನ ನಿರ್ಧಾರ. ಈ ಎರಡರ ನಡುವೆ ಇರುವ ಅವಕಾಶವೇ ದುರಸ್ತಿ. ಆ ಅವಕಾಶವನ್ನು ನಾವು ಹೇಗೆ ಬಳಸಬಹುದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ಹಿರಿಯರ ರೂಢಿ

ದುರಸ್ತಿಯೆಂಬುದು ನಮ್ಮ ನಾಡಿಗೆ ಹೊಸದಾಗಿ ಯಾರೋ ಕಲಿಸಬೇಕಾದ ವಿದ್ಯೆಯಲ್ಲ. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಕೌದಿ ಹೊಲಿಯುತ್ತಿದ್ದರು, ಈಗಲೂ ಹೊಲಿಯುತ್ತಾರೆ. ಅಜ್ಜಿಯ ಸೀರೆಯು ಮೊಮ್ಮಗನಿಗೆ ಹೊದಿಕೆಯಾಗುವ ಬಗೆ ಅದು. ಹಿತ್ತಾಳೆಯ ಪಾತ್ರೆಯ ಒಳಮೈ ಸವೆದರೆ ಕಲಾಯಿಯವನು ಬೀದಿಗೆ ಬರುತ್ತಿದ್ದನು. ನೇಗಿಲಿನ ಕುಳ ಮೊಂಡಾದರೆ ಕಮ್ಮಾರನ ಕುಲುಮೆ ಕಾದಿರುತ್ತಿತ್ತು. ಬಂಡಿಯ ಗಾಲಿಗೆ ಬಡಿಗನಿದ್ದನು, ಕಿತ್ತ ಚಪ್ಪಲಿಗೆ ಸಮಗಾರನಿದ್ದನು. ಪ್ರತಿಯೊಂದು ವಸ್ತುವಿಗೂ ಅದನ್ನು ಮಾಡುವವನಿದ್ದಂತೆಯೇ ಅದನ್ನು ಸರಿಪಡಿಸುವವನೂ ಊರಲ್ಲಿ ಇರುತ್ತಿದ್ದನು. ಹೆಚ್ಚಿನ ವೇಳೆ ಇಬ್ಬರೂ ಒಬ್ಬನೇ ಆಗಿರುತ್ತಿದ್ದನು.

ವಿದ್ಯುತ್ ಸಾಧನಗಳು ಬಂದ ಮೊದಲ ಕಾಲದಲ್ಲಿಯೂ ಈ ರೂಢಿ ಮುರಿಯಲಿಲ್ಲ. ನಾವು ವಿದ್ಯಾರ್ಥಿಗಳಾಗಿದ್ದ ಎಪ್ಪತ್ತರ ದಶಕದಲ್ಲಿ ರೇಡಿಯೊ ಒಂದು ಗೌರವದ ವಸ್ತು. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಹಣ ಕಟ್ಟಿ ಪರವಾನಗಿ ಪಡೆಯಬೇಕಿತ್ತು. ಅನೇಕ ರೇಡಿಯೊಗಳ ಹಿಂಬದಿಯ ಮುಚ್ಚಳವನ್ನು ಬಿಚ್ಚಿದರೆ ಒಳಗೆ ಅದರ ಸಂಪೂರ್ಣ ಮಂಡಲದ ನಕ್ಷೆಯನ್ನು ಅಂಟಿಸಿರುತ್ತಿದ್ದರು. "ಇದು ಎಂದಾದರೂ ಕೆಡುತ್ತದೆ, ಕೆಟ್ಟಾಗ ನೋಡಿ ಸರಿಪಡಿಸಿರಿ" ಎಂದು ತಯಾರಕನೇ ಒಪ್ಪಿಕೊಂಡು ಬರೆದುಕೊಟ್ಟ ಪತ್ರದಂತೆ ಆ ನಕ್ಷೆ ನಮಗೆ ತೋರುತ್ತಿತ್ತು. ತಾಲ್ಲೂಕು ಕೇಂದ್ರದ ರೇಡಿಯೊ ಮೆಕ್ಯಾನಿಕನು ಆ ನಕ್ಷೆಯ ಮೇಲೆ ಬೆರಳಿಟ್ಟು ದೋಷವನ್ನು ಹುಡುಕಿ, ಒಂದು ತೊಟ್ಟು ಬೆಸುಗೆ ಹಾಕಿ, ಮತ್ತೆ ಹತ್ತು ವರ್ಷದ ಆಯುಷ್ಯವನ್ನು ಕೊಡುತ್ತಿದ್ದನು.

ಇಂದಿನ ಸಾಧನಗಳಲ್ಲಿ ಆ ನಕ್ಷೆ ಇಲ್ಲ. ತಿರುಪಿನ ಬದಲು ಅಂಟು ಬಂದಿದೆ. ತಿರುಪು ಇದ್ದರೂ ಅದನ್ನು ಬಿಚ್ಚಲು ವಿಶೇಷ ಉಪಕರಣ ಬೇಕು. ಬ್ಯಾಟರಿಯು ಹೊರಗೆ ಬಾರದಂತೆ ಒಳಗೆ ಹೂತುಹೋಗಿದೆ. ಬಿಡಿಭಾಗ ಸಿಕ್ಕರೂ ಅದರ ಬೆಲೆಯು ಹೊಸ ವಸ್ತುವಿನ ಬೆಲೆಗೆ ಸಮೀಪವಾಗಿರುತ್ತದೆ. ಕೆಲವು ಸಾಧನಗಳಲ್ಲಂತೂ ಯಂತ್ರಭಾಗ ಗಟ್ಟಿಮುಟ್ಟಾಗಿದ್ದರೂ ತಂತ್ರಾಂಶದ ಬೆಂಬಲ ನಿಂತುಹೋಗುತ್ತದೆ. 2015ರಲ್ಲಿ ಬಂದ ವಿಂಡೋಸ್ 10 ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಅದರ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರುವ ಅರ್ಹತೆ ಹಳೆಯ ಕಂಪ್ಯೂಟರುಗಳಿಗೆ ಇಲ್ಲವೆಂದು ನಿಯಮವಿರುವುದರಿಂದ, ಚೆನ್ನಾಗಿ ನಡೆಯುತ್ತಿರುವ ಯಂತ್ರಗಳೂ ಜಗತ್ತಿನಾದ್ಯಂತ ಮೂಲೆಗೆ ಸೇರುವ ಸ್ಥಿತಿಯಲ್ಲಿವೆ.

ರಾಶಿಯ ಗಾತ್ರ

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯ ಹುಟ್ಟಿತು. ತಲಾ 40 ಟನ್ ಹೊರುವ ಲಾರಿಗಳಲ್ಲಿ ಇದನ್ನು ತುಂಬಿ ಒಂದರ ಹಿಂದೊಂದು ನಿಲ್ಲಿಸಿದರೆ ಆ ಸಾಲು ಭೂಮಧ್ಯರೇಖೆಯನ್ನೇ ಒಂದು ಸುತ್ತು ಸುತ್ತಿ ಬರುವುದೆಂದು ಅದೇ ವರದಿ ಹೇಳುತ್ತದೆ. ಇದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೆ ಹೋದುದು ಲೆಕ್ಕಕ್ಕೆ ಸಿಕ್ಕಂತೆ ನೂರಕ್ಕೆ 22.3 ಭಾಗ ಮಾತ್ರ. ಈ ಗತಿಯಲ್ಲಿ ಸಾಗಿದರೆ 2030ಕ್ಕೆ ವಾರ್ಷಿಕ ರಾಶಿ 8 ಕೋಟಿ 20 ಲಕ್ಷ ಟನ್ನಿಗೆ ಏರುವುದೆಂದು ಅಂದಾಜು. ನಮ್ಮ ದೇಶವು 2019ರಲ್ಲಿಯೇ ಸುಮಾರು 32 ಲಕ್ಷ ಟನ್ ಇ-ತ್ಯಾಜ್ಯವನ್ನು ಹುಟ್ಟಿಸಿ, ಚೀನಾ ಮತ್ತು ಅಮೆರಿಕಗಳ ನಂತರದ ಮೂರನೆಯ ಸ್ಥಾನದಲ್ಲಿ ನಿಂತಿತ್ತು.

ಈ ರಾಶಿಯೊಳಗೆ ಏನಿದೆ ಎಂಬುದನ್ನೂ ನೋಡಬೇಕು. ಮೊಬೈಲ್ ಫೋನಿನ ಮಂಡಲ ಫಲಕದಲ್ಲಿ ತಾಮ್ರ, ತವರ, ಬೆಳ್ಳಿ, ಚಿನ್ನ, ಪಲ್ಲಾಡಿಯಂ ಇವೆ. ಬ್ಯಾಟರಿಯಲ್ಲಿ ಲಿಥಿಯಂ ಇದೆ, ಅನೇಕವುಗಳಲ್ಲಿ ಕೋಬಾಲ್ಟ್ ಇದೆ. ಬ್ಯಾಟರಿ ತೆಗೆದ ಒಂದು ಟನ್ ಹಳೆಯ ಮೊಬೈಲ್ ಫೋನುಗಳಲ್ಲಿ ಇನ್ನೂರು ಗ್ರಾಮಿಗೂ ಮಿಗಿಲಾಗಿ ಚಿನ್ನವಿರುತ್ತದೆ. ನಮ್ಮ ಕೋಲಾರದ ಗಣಿಗಳನ್ನು ಇಲ್ಲಿ ನೆನೆಯಬಹುದು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಎಷ್ಟೋ ಕಾರ್ಮಿಕರು ತಮ್ಮ ಪುಪ್ಪುಸಗಳನ್ನು ಧೂಳಿಗೆ ಒಪ್ಪಿಸಿ ಅಗೆದ ಆ ಅದಿರಿನಲ್ಲಿ ಕೊನೆಕೊನೆಗೆ ಟನ್ನಿಗೆ ಕೆಲವೇ ಗ್ರಾಂ ಚಿನ್ನ ದೊರಕುತ್ತಿತ್ತು. 2001ರಲ್ಲಿ ಆ ಗಣಿ ಮುಚ್ಚಿತು. ಭೂಮಿಯ ಒಡಲಿನಿಂದ ಅಷ್ಟು ಕಷ್ಟದಿಂದ ತೆಗೆದ ಲೋಹವನ್ನು ನಾವು ಎರಡು ಮೂರು ವರ್ಷ ಬಳಸಿ ಮೇಜಿನ ಖಾನೆಯಲ್ಲಿ ಮರೆತುಬಿಡುತ್ತೇವೆ.

ಲೋಹದ ಮಾತು ಹಾಗಿರಲಿ. ಒಂದು ಮೊಬೈಲ್ ಫೋನು ತನ್ನ ಇಡೀ ಆಯುಷ್ಯದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದಲ್ಲಿ ಮುಕ್ಕಾಲಿನಷ್ಟು ಪಾಲು ಅದು ನಮ್ಮ ಕೈಸೇರುವ ಮೊದಲೇ, ಅದನ್ನು ತಯಾರಿಸುವ ಹಂತದಲ್ಲಿಯೇ ಸೇರಿಹೋಗಿರುತ್ತದೆ. ನಾವು ದಿನಾಲೂ ಅದಕ್ಕೆ ತುಂಬುವ ವಿದ್ಯುತ್ತಿನ ಪಾಲು ಅಲ್ಪ. ಆದುದರಿಂದ ಎರಡು ವರ್ಷ ಬಳಸುವ ಫೋನನ್ನು ನಾಲ್ಕು ವರ್ಷ ಬಳಸಿದರೆ ನಾವು ಉಳಿಸುವುದು ಒಂದು ಫೋನಿನ ಬೆಲೆಯನ್ನಷ್ಟೇ ಅಲ್ಲದೆ ಇನ್ನೊಂದು ಫೋನನ್ನು ಹುಟ್ಟಿಸುವ ಸಮಸ್ತ ಶ್ರಮವನ್ನು, ನೀರನ್ನು, ಕಲ್ಲಿದ್ದಲನ್ನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಯ ಅರ್ಥ ಇಲ್ಲಿ ಅಕ್ಷರಶಃ ಹೊಂದುತ್ತದೆ.

ಗುಜರಿಯ ಗಾಡಿ ಎಲ್ಲಿಗೆ ಹೋಗುತ್ತದೆ?

ಬೀದಿಯಲ್ಲಿ ಕೂಗುತ್ತ ಬರುವ ಗುಜರಿಯವನಿಗೆ ಹಳೆಯ ಸಾಮಾನು ಕೊಟ್ಟು ನಾಲ್ಕು ಕಾಸು ಪಡೆದರೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ತಿಳಿಯುತ್ತೇವೆ. ಗುಜರಿಯವನನ್ನು ದೂರುವುದು ಇಲ್ಲಿ ಉದ್ದೇಶವಲ್ಲ. ನಾವು ಎಸೆದುದನ್ನು ಹೊತ್ತು ಬದುಕುವ ಆತನ ಶ್ರಮವಿಲ್ಲದಿದ್ದರೆ ನಮ್ಮ ನಗರಗಳು ಇನ್ನೂ ಹೊಲಸಾಗಿರುತ್ತಿದ್ದವು. ಆದರೆ ಆ ಗಾಡಿಯ ಹಾದಿಯನ್ನು ಅರಿಯುವುದು ಅಗತ್ಯ. ದೊಡ್ಡ ವ್ಯಾಪಾರಿಗಳ ಕೈ ದಾಟಿ ಬಹಳಷ್ಟು ಸರಕು ದೆಹಲಿಯ ಸೀಲಂಪುರಕ್ಕೆ, ಅಲ್ಲಿಂದ ಉತ್ತರ ಪ್ರದೇಶದ ಮೊರಾದಾಬಾದಿಗೆ ಸೇರುತ್ತ ಬಂದಿದೆ. ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಆ ಊರಿನಲ್ಲಿ ರಾಮಗಂಗಾ ನದಿಯ ದಂಡೆಯ ಮೇಲೆ ಮಂಡಲ ಫಲಕಗಳನ್ನು ಸುಟ್ಟು ಬೂದಿಯಿಂದ ಲೋಹ ಬೇರ್ಪಡಿಸುವ ಕೆಲಸ ವರ್ಷಗಟ್ಟಲೆ ನಡೆದುದು ಜನಜನಿತ. ತಂತಿಯ ಮೇಲಿನ ಪ್ಲಾಸ್ಟಿಕನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುತ್ತಾರೆ. ಫಲಕಗಳನ್ನು ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುತ್ತಾರೆ. ಉಳಿದ ಆಮ್ಲವು ಚರಂಡಿಗೆ, ಚರಂಡಿಯಿಂದ ನದಿಗೆ ಸೇರುತ್ತದೆ.

ಹಳೆಯ ಗಾಜಿನ ಕೊಳವೆಯ ದೂರದರ್ಶನವೊಂದರಲ್ಲಿ ಒಂದರಿಂದ ಮೂರು ಕಿಲೋಗ್ರಾಮಿನಷ್ಟು ಸೀಸವಿರುತ್ತದೆ. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ವಿಷ. ಪ್ಲಾಸ್ಟಿಕನ್ನು ಬಯಲಲ್ಲಿ ಸುಟ್ಟಾಗ ಹೊರಡುವ ಡಯಾಕ್ಸಿನ್‌ಗಳು ಉಸಿರಿನ ಮೂಲಕ, ಆಹಾರದ ಮೂಲಕ ದೇಹವನ್ನು ಹೊಕ್ಕು ಬಹುಕಾಲ ಉಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇ-ತ್ಯಾಜ್ಯ ಮತ್ತು ಮಕ್ಕಳ ಆರೋಗ್ಯವನ್ನು ಕುರಿತೇ ಪ್ರತ್ಯೇಕ ವರದಿ ಹೊರಡಿಸಿ ಜಗತ್ತನ್ನು ಎಚ್ಚರಿಸಿತು. ಏಕೆಂದರೆ ಚಿಕ್ಕ ಬೆರಳುಗಳಿಗೆ ಚಿಕ್ಕ ಭಾಗಗಳನ್ನು ಬಿಡಿಸುವುದು ಸುಲಭವೆಂದು ಈ ಕೆಲಸಕ್ಕೆ ಮಕ್ಕಳನ್ನು ಹಚ್ಚುತ್ತಾರೆ. ನಮ್ಮ ಮಗು ಆಡಿ ಬಿಸುಟ ಆಟಿಕೆಯ ಫೋನನ್ನು ಇನ್ನೊಬ್ಬ ತಾಯಿಯ ಮಗು ಬೆಂಕಿಯ ಮುಂದೆ ಕುಳಿತು ಬಿಡಿಸುವುದಾದರೆ ಆ ಹೊಗೆಯಲ್ಲಿ ನಮ್ಮ ಪಾಲಿಲ್ಲವೆಂದು ಹೇಳಲಾಗದು.

ಇದಕ್ಕೆ ಸುರಕ್ಷಿತವಾದ ದಾರಿಯೂ ಇದೆ. ಬೆಂಗಳೂರಿಗೆ ಸಮೀಪದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆಯು ದೇಶದಲ್ಲಿ ಮೊತ್ತಮೊದಲು ಸರ್ಕಾರದ ಅನುಮತಿ ಪಡೆದು ಇ-ತ್ಯಾಜ್ಯವನ್ನು ಕ್ರಮವಾಗಿ ಸಂಸ್ಕರಿಸಿದ ಘಟಕಗಳಲ್ಲಿ ಎಣಿಕೆಯಾಗಿದೆ. ಈಗ ರಾಜ್ಯದಲ್ಲಿ ಇಂತಹ ಅನೇಕ ಘಟಕಗಳಿವೆ. ಆದರೆ ಉತ್ತಮ ಘಟಕದಲ್ಲಿಯೂ ಎಲ್ಲ ಲೋಹಗಳು ಮರಳಿ ಬಾರವು. ವಿರಳ ಭಸ್ಮ ಧಾತುಗಳೆಂಬ ಗುಂಪಿನ ಲೋಹಗಳಿಗೆ ಜಗತ್ತಿನಲ್ಲಿರುವ ಬೇಡಿಕೆಯಲ್ಲಿ ಇ-ತ್ಯಾಜ್ಯದ ಮರುಸಂಸ್ಕರಣೆಯಿಂದ ಪೂರೈಕೆಯಾಗುವುದು ನೂರಕ್ಕೆ ಒಂದು ಭಾಗ. ಆದುದರಿಂದ ಮರುಸಂಸ್ಕರಣೆಯು ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ. ಜತನ ಮಾಡುವುದು ಮೊದಲು, ಸರಿಪಡಿಸುವುದು ಎರಡನೆಯದು, ಅಗತ್ಯವಿರುವವರಿಗೆ ದಾಟಿಸುವುದು ಮೂರನೆಯದು, ಬಿಡಿಭಾಗಗಳನ್ನು ಉಳಿಸಿಕೊಳ್ಳುವುದು ನಾಲ್ಕನೆಯದು, ಇವೆಲ್ಲ ಮುಗಿದ ಮೇಲೆ ಮರುಸಂಸ್ಕರಣೆ.

ಮನೆಯ ಸಾಧನಗಳ ಸಾಮಾನ್ಯ ದೋಷಗಳು

ಗೃಹಿಣಿಯರಿಗೂ ಮನೆಯ ತರುಣರಿಗೂ ಉಪಯುಕ್ತವಾಗಲೆಂದು ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇವೆ. ಸತ್ತಿತೆಂದು ನಾವು ತಿಳಿದ ಸಾಧನದಲ್ಲಿ ಬಹಳ ಸಲ ಕೆಟ್ಟಿರುವುದು ಒಂದೇ ಒಂದು ಸಣ್ಣ ಭಾಗ.

ಚಾವಣಿಯ ಫ್ಯಾನು ನಿಧಾನವಾಗಿ ತಿರುಗುತ್ತಿದ್ದರೆ, ಅಥವಾ ಕೋಲಿನಿಂದ ನೂಕಿದರೆ ಮಾತ್ರ ತಿರುಗತೊಡಗಿದರೆ, ಹೆಚ್ಚಿನ ವೇಳೆ ಅದರ ಕಂಡೆನ್ಸರು ಸೋತಿರುತ್ತದೆ. ಅದು ಅಲ್ಪ ಬೆಲೆಯ ವಸ್ತು. ವಿದ್ಯುತ್ ಕೆಲಸ ಬಲ್ಲವನು ಕಾಲು ಗಂಟೆಯಲ್ಲಿ ಬದಲಿಸುತ್ತಾನೆ. ಮಿಕ್ಸಿ ಹಠಾತ್ತನೆ ನಿಂತರೆ ಅದನ್ನು ಬೋರಲಾಗಿಸಿ ತಳವನ್ನು ನೋಡಬೇಕು. ಅನೇಕ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ಅದು ತಾನೇ ಹೊರಗೆ ಜಿಗಿಯುತ್ತದೆ. ಪ್ಲಗ್ಗನ್ನು ಕಿತ್ತು, ಸ್ವಲ್ಪ ಹೊತ್ತು ಆರಲು ಬಿಟ್ಟು, ಆ ಗುಂಡಿಯನ್ನು ಒತ್ತಿದರೆ ಯಂತ್ರ ಮತ್ತೆ ನಡೆಯುತ್ತದೆ. ಆಗಲೂ ನಡೆಯದಿದ್ದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಜಾರು ತಿರುಗದೆ ಬರಿಯ ಸದ್ದು ಬಂದರೆ ತಳದ ರಬ್ಬರಿನ ಕಪ್ಲರ್ ಹಲ್ಲು ಕಳೆದುಕೊಂಡಿರುತ್ತದೆ. ಈ ಮೂರಕ್ಕೂ ಹೊಸ ಮಿಕ್ಸಿ ಬೇಕಿಲ್ಲ.

ಇಸ್ತ್ರಿ ಪೆಟ್ಟಿಗೆ ಕಾಯದಿದ್ದರೆ ತಂತಿಯು ಪೆಟ್ಟಿಗೆಯನ್ನು ಸೇರುವ ಮೂಲೆಯಲ್ಲಿ ಒಳಗೇ ಕಡಿದಿರುವುದು ಸಾಮಾನ್ಯ, ಏಕೆಂದರೆ ದಿನವೂ ಬಾಗುವುದು ಅಲ್ಲಿಯೇ. ರಿಮೋಟು ಕೆಲಸ ಮಾಡದಿದ್ದರೆ ಹಳೆಯ ಸೆಲ್ಲು ಸೋರಿ ಲೋಹದ ಪಟ್ಟಿಗೆ ಹಸಿರು ಪಾಚಿಯಂತೆ ಅಂಟಿದೆಯೇ ಎಂದು ನೋಡಿ ಒರಸಬೇಕು. ಚಪ್ಪಟೆ ದೂರದರ್ಶನದಲ್ಲಿ ಧ್ವನಿಯಿದ್ದು ಚಿತ್ರವಿಲ್ಲದಿದ್ದರೆ ಪರದೆಯ ಹಿಂದಿನ ಬೆಳಕಿನ ಪಟ್ಟಿ ಕೆಟ್ಟಿರುವ ಸಂಭವ ಹೆಚ್ಚು. ಪರದೆಯೇ ಹೋಯಿತೆಂದು ಕೈಚೆಲ್ಲಬೇಕಾಗಿಲ್ಲ.

ಕಂಪ್ಯೂಟರು ಆಮೆಯಾಯಿತೆಂದು ಹೊಸದನ್ನು ಕೊಳ್ಳುವ ಮುನ್ನ ಅದರೊಳಗಿನ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಸಂಗ್ರಾಹಕವನ್ನು ಹಾಕಿಸಿ, ಫ್ಯಾನಿನ ಧೂಳು ತೆಗೆಸಿ ನೋಡಬೇಕು. ಎಂಟು ಹತ್ತು ವರ್ಷದ ಯಂತ್ರವೂ ಪತ್ರ ಬರೆಯಲು, ಮಕ್ಕಳ ಓದಿಗೆ, ಲೆಕ್ಕಪತ್ರಕ್ಕೆ ಸಾಕಷ್ಟು ಚುರುಕಾಗುತ್ತದೆ. ವಿಂಡೋಸ್ ಬೆಂಬಲ ನಿಂತ ಯಂತ್ರಗಳಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಬಹುದು. ಅದರಲ್ಲಿ ಕನ್ನಡವನ್ನು ಓದಲೂ ಬರೆಯಲೂ ಅನುಕೂಲವಿದೆ. ಮೊಬೈಲಿನ ಬ್ಯಾಟರಿಯು ಸಾಮಾನ್ಯವಾಗಿ 500ರಿಂದ 1000 ಬಾರಿ ಪೂರ್ಣವಾಗಿ ತುಂಬಿ ಬರಿದಾದ ಮೇಲೆ ಶಕ್ತಿಗುಂದುತ್ತದೆ. ಮಧ್ಯಾಹ್ನಕ್ಕೇ ಫೋನು ಸಾಯುತ್ತಿದೆಯೆಂದರೆ ಬದಲಿಸಬೇಕಾದುದು ಬ್ಯಾಟರಿಯನ್ನು, ಫೋನನ್ನಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ತಪ್ಪಾಗುವುದು. ಹಳೆಯ ಕೊಳವೆಯ ದೂರದರ್ಶನ, ಮೈಕ್ರೋವೇವ್ ಒಲೆ, ಯುಪಿಎಸ್ ಇವುಗಳ ಒಳಗೆ ಪ್ಲಗ್ಗು ಕಿತ್ತ ಮೇಲೆಯೂ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಉಳಿದಿರುತ್ತದೆ. ಇವನ್ನು ಮನೆಯಲ್ಲಿ ಬಿಚ್ಚಲಾಗದು, ಬಲ್ಲವರಿಗೇ ಕೊಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು, ಕಸದ ಬುಟ್ಟಿಗೆ ಎಸೆಯುವುದು ಬೆಂಕಿಯನ್ನು ಕರೆದಂತೆ. ಅಂತಹ ಫೋನನ್ನು ಚಾರ್ಜಿಗೆ ಹಾಕದೆ, ಬೇಗ ಅಂಗಡಿಗೆ ಒಯ್ಯಬೇಕು.

ಕೈಕೆಲಸದವರ ಬಾಳು

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯನ್ನು ಅನೇಕರು ಎಸ್.ಪಿ. ರೋಡ್ ಎಂದೇ ಬಲ್ಲರು. ಬಿಡಿಭಾಗಗಳಿಗಾಗಿ ನಾಡಿನ ಮೂಲೆಮೂಲೆಯ ಮೆಕ್ಯಾನಿಕರು ಅಲ್ಲಿಗೆ ಬರುತ್ತಾರೆ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಎಲ್ಲಿಯೇ ಆಗಲಿ, ಬಸ್ ನಿಲ್ದಾಣದ ಸುತ್ತ ಮೊಬೈಲ್ ದುರಸ್ತಿಯ ಚಿಕ್ಕ ಅಂಗಡಿಗಳ ಸಾಲು ಕಾಣುತ್ತದೆ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಹುಡುಗರು, ಅಣ್ಣನ ಬಳಿ ನೋಡಿ ಕಲಿತ ತಮ್ಮಂದಿರು, ಒಂದು ಮೇಜು, ಒಂದು ದೀಪ, ಒಂದು ಬೆಸುಗೆಯ ಕಡ್ಡಿ ಇಟ್ಟುಕೊಂಡು ಸಂಸಾರ ಸಾಗಿಸುತ್ತಿದ್ದಾರೆ. ನಾವು ಹೊಸ ಫೋನಿಗೆ ಕೊಡುವ ಹಣ ಬಹುಪಾಲು ದೂರದ ದೇಶಗಳಿಗೆ ಹರಿದುಹೋಗುತ್ತದೆ. ದುರಸ್ತಿಗೆ ಕೊಡುವ ಹಣ ನಮ್ಮೂರಿನ ಒಂದು ಮನೆಯ ಒಲೆಯನ್ನು ಉರಿಸುತ್ತದೆ.

ಆದರೆ ಅವರೊಡನೆ ನಾವು ನಡೆದುಕೊಳ್ಳುವ ರೀತಿ ಯೋಗ್ಯವಾಗಿದೆಯೇ? ಹೊಸ ವಸ್ತುವಿನ ಅಂಗಡಿಯಲ್ಲಿ ತುಟಿಪಿಟಕ್ಕೆನ್ನದೆ ಸಾವಿರಾರು ರೂಪಾಯಿ ಎಣಿಸುವ ನಾವು ದುರಸ್ತಿಯವನು ಇನ್ನೂರು ಕೇಳಿದರೆ ಚೌಕಾಸಿಗೆ ನಿಲ್ಲುತ್ತೇವೆ. ದೋಷವನ್ನು ಕಂಡುಹಿಡಿದ ಬುದ್ಧಿಗೆ ಬೆಲೆ ಕೊಡದೆ, ಬದಲಿಸಿದ ಹತ್ತು ರೂಪಾಯಿಯ ಭಾಗಕ್ಕೆ ಮಾತ್ರ ಬೆಲೆ ಕಟ್ಟುತ್ತೇವೆ. ದುಡಿಮೆಯನ್ನು ಗೌರವಿಸುವ ಪರಂಪರೆಯಲ್ಲಿ ಬೆಳೆದವರಿಗೆ ಇದು ಶೋಭಿಸದು. ಅತ್ತ ಕೈಕೆಲಸದವರೂ ಕೆಲಸಕ್ಕೆ ಮೊದಲೇ ಅಂದಾಜು ವೆಚ್ಚ ಹೇಳುವುದು, ತೆಗೆದ ಹಳೆಯ ಭಾಗವನ್ನು ತೋರಿಸುವುದು, ಹಾಕಿದ ಭಾಗಕ್ಕೆ ಕೆಲವು ದಿನಗಳ ಹೊಣೆ ಹೊರುವುದು ಈ ಮೂರನ್ನು ಪಾಲಿಸಿದರೆ ಗಿರಾಕಿಯ ನಂಬಿಕೆ ತಾನಾಗಿಯೇ ಬೆಳೆಯುತ್ತದೆ.

ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ 2009ರಲ್ಲಿ 'ರಿಪೇರಿ ಕೆಫೆ' ಎಂಬ ಕೂಟವನ್ನು ಆರಂಭಿಸಿದರು. ನೆರೆಹೊರೆಯವರು ಕೆಟ್ಟ ವಸ್ತುಗಳನ್ನು ತರುತ್ತಾರೆ. ಕೆಲಸ ಬಲ್ಲವರು ಬಂದು ಕುಳಿತಿರುತ್ತಾರೆ. ಇಬ್ಬರೂ ಕೂಡಿ ಸರಿಪಡಿಸುತ್ತಾರೆ. ತಂದವನು ಸುಮ್ಮನೆ ಕಾಯುವುದಿಲ್ಲ, ಕಲಿಯುತ್ತಾನೆ. ಈ ಮಾದರಿಯನ್ನು 2015ರಲ್ಲಿ ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್ ಬೆಂಗಳೂರಿಗೆ ತಂದರು. ನಮ್ಮ ಊರುಗಳ ಸಮುದಾಯ ಭವನಗಳು ಮದುವೆಯ ಲಗ್ನಗಳಿಲ್ಲದ ತಿಂಗಳುಗಳಲ್ಲಿ ಬಾಗಿಲು ಮುಚ್ಚಿಕೊಂಡಿರುತ್ತವೆ. ತಿಂಗಳಿಗೊಂದು ಭಾನುವಾರ ಅಲ್ಲಿ ಇಂತಹ ಕೂಟ ನಡೆದರೆ, ನಿವೃತ್ತ ಇಂಜಿನಿಯರರ ಅನುಭವವೂ ತರುಣರ ಉತ್ಸಾಹವೂ ಒಂದೆಡೆ ಸೇರುತ್ತವೆ.

ಕಾನೂನಿನ ಆಸರೆ

ನಮ್ಮ ದೇಶದಲ್ಲಿ ಇ-ತ್ಯಾಜ್ಯದ ಮೊದಲ ಪ್ರತ್ಯೇಕ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ ಅವು ಪರಿಷ್ಕಾರಗೊಂಡವು. 2022ರಲ್ಲಿ ಹೊರಡಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಆಚರಣೆಯಲ್ಲಿವೆ. ಇವುಗಳ ಸಾರವಿಷ್ಟೆ: ವಸ್ತುವನ್ನು ತಯಾರಿಸಿ ಮಾರಿದವನ ಹೊಣೆ ಮಾರಾಟದೊಡನೆ ಮುಗಿಯದು, ಅದು ತ್ಯಾಜ್ಯವಾದ ಮೇಲೆ ಮರುಸಂಸ್ಕರಣೆಯಾಗುವಂತೆ ನೋಡಿಕೊಳ್ಳುವುದೂ ಅವನ ಕರ್ತವ್ಯ. ಹಳೆಯ ಸಾಧನಗಳನ್ನು ಸರಿಪಡಿಸಿ ಮರುಬಳಕೆಗೆ ಕೊಡುವ ಉದ್ಯಮಕ್ಕೂ ಈ ನಿಯಮಗಳಲ್ಲಿ ಸ್ಥಾನವಿದೆ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಇದಕ್ಕಾಗಿ ಒಂದು ಜಾಲತಾಣವನ್ನು ತೆರೆಯಿತು. ಕೃಷಿ ಉಪಕರಣಗಳು, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳು, ಗೃಹೋಪಯೋಗಿ ಸಾಧನಗಳು, ವಾಹನಗಳು ಎಂಬ ನಾಲ್ಕು ವಿಭಾಗಗಳು ಇದರಲ್ಲಿವೆ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದಲೇ ಕೆಲವು ಸಾಧನಗಳ ಮೇಲೆ ಅವು ದುರಸ್ತಿಗೆ ಎಷ್ಟು ಸುಲಭವೆಂಬ ಅಂಕವನ್ನು ನಮೂದಿಸುವುದು ಕಡ್ಡಾಯವಾಯಿತು. ಯುರೋಪಿನ ಒಕ್ಕೂಟವು 2025ರ ಜೂನ್ 20ರಿಂದ ಸ್ಮಾರ್ಟ್ ಫೋನುಗಳ ಮುಖ್ಯ ಬಿಡಿಭಾಗಗಳು ಆ ಮಾದರಿಯ ಮಾರಾಟ ನಿಂತ ಮೇಲೆಯೂ ಏಳು ವರ್ಷ ದೊರೆಯಬೇಕೆಂದು ವಿಧಿಸಿದೆ. ಅಂತಹ ಕಟ್ಟುಪಾಡು ನಮ್ಮಲ್ಲಿಯೂ ಬರಬೇಕಾದರೆ ಕೊಳ್ಳುವವರು ಕೇಳುವುದನ್ನು ಕಲಿಯಬೇಕು. ಅಂಗಡಿಯಲ್ಲಿ ಬೆಲೆಯನ್ನು, ಬಣ್ಣವನ್ನು ವಿಚಾರಿಸುವಂತೆಯೇ "ಇದರ ಬ್ಯಾಟರಿ ಬದಲಿಸಬಹುದೇ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ದುರಸ್ತಿ ಕೇಂದ್ರ ನಮ್ಮ ಜಿಲ್ಲೆಯಲ್ಲಿದೆಯೇ?" ಎಂದು ಕೇಳಬೇಕು. ಬಿಲ್ಲನ್ನು, ವಾರಂಟಿ ಚೀಟಿಯನ್ನು ಜೋಪಾನವಾಗಿಡಬೇಕು. ವಾರಂಟಿಯ ಅವಧಿಯಲ್ಲಿ ದುರಸ್ತಿ ನಿರಾಕರಿಸಿದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಸಲ್ಲಿಸಬಹುದು.

ಎಲ್ಲವನ್ನೂ ಉಳಿಸಬೇಕೆ?

ಹಳೆಯದೆಲ್ಲವನ್ನೂ ಹಿಡಿದುಕೊಂಡು ಕುಳಿತಿರಬೇಕೆಂಬುದು ಈ ಬರಹದ ಆಶಯವಲ್ಲ. ವಿವೇಚನೆ ಅಗತ್ಯ. ಹಳೆಯ ಚಾವಣಿ ಫ್ಯಾನು ಸುಮಾರು 75 ವ್ಯಾಟ್ ವಿದ್ಯುತ್ತನ್ನು ಕೇಳುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಕಡೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯವಾಗುತ್ತದೆ. ಅಲ್ಲಿ ಹೊಸದನ್ನು ಹಾಕಿ, ಹಳೆಯದನ್ನು ಅಪರೂಪಕ್ಕೆ ಬಳಸುವ ಕೋಣೆಗೆ ವರ್ಗಾಯಿಸುವುದು ಜಾಣತನ. ಬಹಳ ಹಳೆಯ ಶೀತಕ ಪೆಟ್ಟಿಗೆಯು ಹಗಲಿರುಳು ವಿದ್ಯುತ್ತನ್ನು ಕುಡಿಯುವುದರಿಂದ ಅದರ ಮೇಲಿನ ದುರಸ್ತಿ ವೆಚ್ಚ ನಷ್ಟವಾಗಬಹುದು. ಮೊಬೈಲು, ಕಂಪ್ಯೂಟರುಗಳ ವಿಷಯ ಇದಕ್ಕೆ ವಿರುದ್ಧ. ಅವು ಬಳಸುವ ವಿದ್ಯುತ್ತು ಅಲ್ಪ, ತಯಾರಿಕೆಯ ಭಾರ ದೊಡ್ಡದು. ಅವನ್ನು ಸಾಧ್ಯವಾದಷ್ಟು ದೀರ್ಘಕಾಲ ಬಳಸುವುದೇ ಲಾಭ.

ದಾನದ ವಿಷಯದಲ್ಲಿಯೂ ವಿವೇಕ ಬೇಕು. ಉಚಿತ ವಿದ್ಯಾರ್ಥಿನಿಲಯಕ್ಕೋ ಹಳ್ಳಿಯ ಶಾಲೆಗೋ ಹಳೆಯ ಕಂಪ್ಯೂಟರು ಕೊಡುವುದು ಒಳ್ಳೆಯ ಕಾರ್ಯ. ಆದರೆ ಕೆಟ್ಟುಹೋದುದನ್ನು ಹಾಗೆಯೇ ಸಾಗಿಸಿ ದಾನವೆಂದು ಕರೆಯುವುದು, ನಮ್ಮ ಅಟ್ಟದ ಕಸವನ್ನು ಶಾಲೆಯ ಅಟ್ಟಕ್ಕೆ ಏರಿಸಿದಂತೆ. ಹಳಸಿದ ಅನ್ನವನ್ನು ಯಾರೂ ಪಂಕ್ತಿಯಲ್ಲಿ ಬಡಿಸುವುದಿಲ್ಲ. ಕೊಡುವ ಮೊದಲು ಸರಿಪಡಿಸಿ, ಶುಚಿಗೊಳಿಸಿ, ತಂತಿ, ಕೀಲಿಮಣೆಗಳನ್ನು ಜೊತೆಗಿಟ್ಟು, ನಡೆಸಿ ತೋರಿಸಿ ಕೊಡಬೇಕು. ನಮ್ಮ ಬ್ಯಾಂಕಿನ ವಿವರ, ಕುಟುಂಬದ ಛಾಯಾಚಿತ್ರಗಳು ಅದರಲ್ಲಿ ಉಳಿಯದಂತೆ ಸಂಪೂರ್ಣ ಅಳಿಸಬೇಕು. ಫೋನುಗಳಿಗೂ ಇದೇ ನಿಯಮ. ಖಾತೆಯಿಂದ ಹೊರಬಂದು, ಸಿಮ್ ತೆಗೆದು, ಕಾರ್ಖಾನೆಯ ಮೊದಲ ಸ್ಥಿತಿಗೆ ತಂದು ಕೊಡಬೇಕು.

ಬರುವ ಭಾನುವಾರ ಮನೆಯವರೆಲ್ಲ ಕೂಡಿ ಅಟ್ಟವನ್ನು ಇಳಿಸಿ ನೋಡಿರಿ. ಸಿಕ್ಕ ಸಾಧನಗಳನ್ನು ಮೂರು ಗುಂಪು ಮಾಡಿರಿ. ಸರಿಪಡಿಸಿ ನಾವೇ ಬಳಸಬಹುದಾದವು ಒಂದು ಕಡೆ. ಸರಿಪಡಿಸಿ ಇನ್ನೊಬ್ಬರಿಗೆ ಕೊಡಬಹುದಾದವು ಒಂದು ಕಡೆ. ಏನು ಮಾಡಿದರೂ ಬಾರದವು ಒಂದು ಕಡೆ. ಮೊದಲಿನ ಎರಡು ಗುಂಪುಗಳನ್ನು ಆ ವಾರವೇ ಊರಿನ ಕೈಕೆಲಸದವನ ಬಳಿಗೆ ಒಯ್ಯಿರಿ. ತಡಮಾಡಿದರೆ ಅವು ಮತ್ತೆ ಅಟ್ಟವೇರುತ್ತವೆ. ಮೂರನೆಯ ಗುಂಪನ್ನು ಅನುಮತಿ ಪಡೆದ ಸಂಗ್ರಹಕಾರರಿಗೆ ಮಾತ್ರ ಒಪ್ಪಿಸಿರಿ. ಅವರ ವಿವರ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ದೊರೆಯುತ್ತದೆ. ಮಕ್ಕಳನ್ನು ಈ ಕೆಲಸದಿಂದ ದೂರ ಇಡಬೇಡಿರಿ. ಕೆಟ್ಟ ರೇಡಿಯೊ ಮತ್ತೆ ಹಾಡಿದ ಕ್ಷಣವನ್ನು ಕಣ್ಣಾರೆ ಕಂಡ ಮಗುವು ಮುಂದೆ ಯಾವ ವಸ್ತುವನ್ನೂ ಹಗುರವಾಗಿ ಎಸೆಯಲಾರದು.